ಇನ್ನೊಮ್ಮೆ ನೋಡಬೇಕು ಅಂದ ಮೇಷ್ಟ್ರು

"ಅಜ್ಜೀ... ಯಾರೋ ಸತ್ತು ಬಿದ್ದಾರೆ ಇಲ್ಲಿ!"

ಅಕ್ಕನಾಗಮ್ಮನ ಕೂಗಿಗೆ ಕಮರದ ಮರದ ಗಿಳಿಗಳೆಲ್ಲ ಒಮ್ಮೆಲೇ ಎದ್ದು ಹಾರಿದವು.

ಕೊಕ್ಕನೂರಿನಾಚೆಯ ಕುರುಚಲು ಕಾಡು. ವೈಶಾಖದ ಇಳಿಹೊತ್ತು. ಎಲೆಯುದುರಿದ ಮರಗಳ ನಡುವೆ, ಕಾದ ಕಲ್ಲುನೆಲದ ಮೇಲೆ ಬಿಳಿ ಅಂಗಿಯ ಗಂಡಸೊಬ್ಬ ಬೋರಲು ಬಿದ್ದಿದ್ದ. ಪಕ್ಕದಲ್ಲೊಂದು ಸೈಕಲ್ಲು. ಅಲುಗಾಟವೇ ಇಲ್ಲ.

'ಹಾವು ಕಚ್ಚಿರಬೇಕು... ಅಯ್ಯೋ ಶಿವನೇ, ಯಾವ ತಾಯಿ ಹೆತ್ತ ಮಗನೋ!'

ಹಿಂದೆ ಮುಂದೆ ನೋಡದೆ ಅವಳು ಕೈಯಲ್ಲಿದ್ದ ತಂಬಿಗೆಯ ನೀರನ್ನೆಲ್ಲ ಅವನ ತಲೆಯ ಮೇಲೆ ಸುರಿದೇಬಿಟ್ಟಳು.

ಹೆಣ ಎದ್ದು ಕೂತಿತು!

"ಅಯ್ಯಯ್ಯೋ... ಹೂವು! ನನ್ನ ಹೂವು!"

"ಬ... ಬದುಕೀರಾ?"

"ನೀವು ಬರೋತನಕ ಚೆನ್ನಾಗೇ ಬದುಕಿದ್ದೆ! ಮೂರು ಗಂಟೆಯಿಂದ ಕಾದೀನಿ ಕಣ್ರೀ, ಈ ಮೊಗ್ಗು ಅರಳಲಿ ಅಂತ. ಈಗ ನೋಡ್ರಿ, ತೊಯ್ದು ತೊಪ್ಪೆ ಆತು!"

ಅವನ ಕೈಯಲ್ಲಿ ಭೂತಗನ್ನಡಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು, ಮೂಗಿನ ತುದಿಯಲ್ಲಿ ನೀರಹನಿ. ಅವನ ಮುಂದೆ, ಒಂದೇ ಒಂದು ಎಲೆಯೂ ಇಲ್ಲದ ಬೋಳು ದಂಟಿನಲ್ಲಿ, ತಲೆ ಬಾಗಿಸಿದ ಮಾಸಲು ಬಣ್ಣದ ಮೊಗ್ಗುಗಳು.

ಅಕ್ಕನಾಗಮ್ಮ ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಗಲಿಲ್ಲ. ಕಿಸಕ್ಕನೆ ನಕ್ಕೇಬಿಟ್ಟಳು.

ಅಷ್ಟರಲ್ಲಿ ಬೇರುಗಳ ಗಂಟು ಹೊತ್ತು ಅಜ್ಜಿ ಕೊಟ್ರವ್ವ ಬಂದರು. ಅವರ ತವರು ಕೊಕ್ಕನೂರೇ. ಹರಿಹರದ ಪೇಟೆಯಲ್ಲಿ ಅವರ ಮಗ ಬಕ್ಕೇಶಪ್ಪನವರದು ನಾರುಬೇರಿನ ಅಂಗಡಿ. ವರ್ಷಕ್ಕೆ ನಾಲ್ಕಾರು ಸಲ ಅಜ್ಜಿ ಮೊಮ್ಮಗಳು ಇಲ್ಲಿ ಬಂದು ಬೇರು ಗಡ್ಡೆ ಆರಿಸಿಕೊಂಡು ಹೋಗುವುದು ರೂಢಿ.

"ಯಾರಪ್ಪಾ ನೀನು? ಒಂದು ಅಡವಿ ಈರುಳ್ಳಿಗೆ ಇಷ್ಟೊಂದು ಅಳ್ತೀಯ?"

"ನಾನು ಹಾಲೇಶ ಅಂತ, ಅಜ್ಜಿ. ಸಾರಥಿ ಊರಿನವನು. ದಾವಣಗೆರೆ ಕಾಲೇಜಿನಾಗೆ ಗಿಡಗಳ ಪಾಠ ಮಾಡ್ತೀನಿ. ನಮ್ಮ ಸೀಮೆಯ ಒಣ ಕಾಡಿನಾಗೆ ಎಷ್ಟು ಥರದ ಲಿಲಿ ಹೂ ಅದಾವೆ ಅಂತ ಪಟ್ಟಿ ಮಾಡಾಕ ಹತ್ತೀನಿ." ಅವನು ಮುಖ ಒರೆಸಿಕೊಂಡ. "ಆದ್ರೆ ಇದು ಅಡವಿ ಈರುಳ್ಳಿ ಅಲ್ಲ. ಅದಕ್ಕೆ ಅಗಲವಾದ ಉದ್ದನೆ ಎಲೆ. ಹೋದ ಶ್ರಾವಣದಾಗೆ ನಾನೇ ಕಿತ್ತು ಒಣಗಿಸಿ ಇಟ್ಟೀನಿ. ಇದಕ್ಕೆ ಎಲೆಯೇ ಇಲ್ಲ. ಇದು ಬೇರೆ ಜಾತಿ."

"ಎರಡೂ ಒಂದೇ, ಮೇಷ್ಟ್ರೇ!" ಅಕ್ಕನಾಗಮ್ಮ ತಟ್ಟನೆ ಹೇಳಿದಳು. "ಬ್ಯಾಸಿಗೆಗೆ ಹೂವು, ಮಳೆಗಾಲಕ್ಕೆ ಎಲೆ. ಹೂವು ಎಲೆಯ ಮುಖ ನೋಡಲ್ಲ, ಎಲೆ ಹೂವಿನ ಮುಖ ನೋಡಲ್ಲ. ನಮ್ಮಂಗಡ್ಯಾಗೆ ಕಾಲಿನ ಆಣಿಗೆ ಇದನ್ನೇ ಸುಟ್ಟು ಕಟ್ಟಾಕ ಕೊಡ್ತೀವಿ. ಸಣ್ಣ ಹುಡುಗಿ ಇದ್ದಾಗಿಂದ ಕೈ ತುರಿಸ್ಕೊಂತ ಆರಿಸೀನಿ ನಾನು."

"ಇರಬಹುದು. ಆದ್ರೆ ನಾನು ಕಣ್ಣಾರೆ ನೋಡದೆ ಬರೆಯಲ್ಲ. ಯಾವುದನ್ನೂ ಎರಡು ಸಲ ನೋಡದೆ ಹೆಸರು ಹಾಕಲ್ಲ."

ಎಂಥ ಹಟ! ಅವಳಿಗೆ ರೇಗಿತು. ಬೇರು ಕಟ್ಟಿದ್ದ ಹಳೇ ಕುಪ್ಪಸದ ಬಟ್ಟೆಯಿಂದ ಒಂದು ಚೂರು ಹರಿದು, ಗೂಟಕ್ಕೆ ಕಟ್ಟಿ, ಹೂವಿನ ಬುಡದಲ್ಲೇ ಕಲ್ಲಿನಿಂದ ಹೊಡೆದು ನೆಟ್ಟಳು.

"ಮಳೆ ಬಿದ್ದ ಮೇಲೆ ಬರ್ರಿ. ಇದೇ ಗಡ್ಡೆಯಿಂದ ಎಲೆ ಬರದಿದ್ರೆ ಹೇಳ್ರಿ!"

"ಬರ್ತೀನಿ. ನಿಮ್ಮ ಹೆಸರು?"

"ಅಕ್ಕನಾಗಮ್ಮ. ಮನ್ಯಾಗೆ, ಓಣ್ಯಾಗೆ ಎಲ್ಲಾರೂ ಅಕ್ಕ ಅಂತಾರೆ."

ಅವನು ಒಂದು ಗಳಿಗೆ ಯೋಚಿಸಿದ. ಹೂವಿನ ಕಡೆ ನೋಡಿದ. ಅವಳ ಕಡೆ ನೋಡಿದ.

"ನಾನು... ನಾಗಮ್ಮ ಅಂತೀನಿ."

ಕೊಟ್ರವ್ವ ಸುಮ್ಮಸುಮ್ಮನೆ ಕೆಮ್ಮಿದರು.

ಆಗಲೇ ಹೊತ್ತು ಮುಳುಗಿ, ತೊಯ್ದ ದಂಟಿನ ಕೆಳಗಿನ ಮೊಗ್ಗೊಂದು ಮೆಲ್ಲಗೆ ಬಿಚ್ಚಿಕೊಂಡಿತು. ಒಳಗೆ ಬಿಳುಪು, ಪ್ರತಿ ಎಸಳಿನ ನಡುವೆ ಒಂದು ಹಸಿರು ಗೀರು. ಅವನು ಮತ್ತೆ ಬೋರಲು ಮಲಗಿದ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ನಾಗಮ್ಮನೂ ಮೊಣಕಾಲೂರಿ ಕೂತಿದ್ದಳು.

"ಎಣಿಸ್ರಿ," ಎಂದು ಭೂತಗನ್ನಡಿಯನ್ನು ಅವಳ ಕೈಗಿತ್ತ. "ಹೊರಗೆ ಮೂರು ಎಸಳು, ಒಳಗೆ ಮೂರು. ಕೇಸರ ಆರು. ಈ ಮನೆತನದ ಹೂವೆಲ್ಲ ಮೂರು ಮೂರರ ಲೆಕ್ಕದಾಗೇ ಬರ್ತಾವೆ."

ನೂರು ಸಲ ಕಿತ್ತ ಗಿಡ. ಆದರೆ ಅದರ ಹೂವಿನೊಳಗೆ ಇಷ್ಟೊಂದು ಚೆಂದವಿದೆಯೆಂದು ಅವಳು ಅಂದೇ ಮೊದಲು ನೋಡಿದ್ದು!

* * *

ಆಷಾಢದಲ್ಲಿ ಹದವಾದ ಮಳೆ ಬಿತ್ತು. ಹಾಲೇಶ ಬೆಳಿಗ್ಗೆಯೇ ದಾವಣಗೆರೆಯಿಂದ ಸೈಕಲ್ ತುಳಿದುಕೊಂಡು ಕೊಕ್ಕನೂರಿಗೆ ಬಂದ. ಬೇರು ಆರಿಸಲು ಅಜ್ಜಿ ಮೊಮ್ಮಗಳೂ ಆಗಲೇ ಬಂದಿದ್ದರು. ಗೂಟದ ಸುತ್ತ ಕೈಯಗಲದಷ್ಟು ಜಾಗದಲ್ಲಿ ಹಸಿರು ಪಟ್ಟಿಯಂಥ ಎಲೆಗಳು ಚಾಚಿಕೊಂಡಿದ್ದವು. ನಾಗಮ್ಮ ಸಣ್ಣ ಗುದ್ದಲಿಯಿಂದ ಮಣ್ಣು ಬಿಡಿಸಿ, ಬಿಳಿಯ ಗಡ್ಡೆಯನ್ನು ಎತ್ತಿ ಅವನ ಅಂಗೈಯಲ್ಲಿಟ್ಟಳು. ಗಡ್ಡೆಯ ಕುತ್ತಿಗೆಯಲ್ಲಿ ಎಲೆಗಳ ಪಕ್ಕದಲ್ಲೇ ಬೇಸಿಗೆಯ ಹೂದಂಟಿನ ಒಣಗಿದ ಮೋಟು!

ಅವನು ಬಹಳ ಹೊತ್ತು ನೋಡಿದ. ತಿರುಗಿಸಿ ನೋಡಿದ. ಆಮೇಲೆ, ಕಾಲೇಜಿನ ಮೇಷ್ಟ್ರು, ಎರಡೂ ಕೈಯಿಂದ ತನ್ನ ಕಿವಿ ಹಿಡಿದುಕೊಂಡ.

"ಒಂದೇ ಗಿಡಕ್ಕೆ ಎರಡು ಹಾಳೆ, ಎರಡು ಹೆಸರು ಬರೆದು ಕೂತಿದ್ದೆ ನಾನು. ನೀವು ಹೇಳಿದ್ದೇ ಖರೆ, ನಾಗಮ್ಮ."

ಕಾಗದದ ಚೀಟಿ ತೆಗೆದು ಅಲ್ಲೇ ಬರೆದ. ಊರು, ತಾರೀಖು, ಮಣ್ಣಿನ ಬಣ್ಣ. ಕೊನೆಯ ಸಾಲು: 'ಗುರುತಿಸಿದವರು – ಅಕ್ಕನಾಗಮ್ಮ, ಹರಿಹರ.'

"ನನ್ನ ಹೆಸರ್ಯಾಕ ಬರೆದ್ರಿ?" ಅವಳ ದನಿ ಸಣ್ಣಗಾಗಿತ್ತು.

"ಗುರುತಿಸಿದ್ದು ನೀವಲ್ಲೇನು?"

ಎಸ್.ಎಸ್.ಎಲ್.ಸಿ. ಮುಗಿದ ಮೇಲೆ ಅವಳ ಹೆಸರನ್ನು ಯಾರೂ ಎಲ್ಲಿಯೂ ಬರೆದಿರಲಿಲ್ಲ. ಆ ದಿನ ಎತ್ತಿನಗಾಡಿಯಲ್ಲಿ ಹರಿಹರಕ್ಕೆ ಮರಳುವಾಗ ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದಳು.

"ಹಲ್ಲು ಒಣಗ್ತಾವೆ, ಬಾಯಿ ಮುಚ್ಚೇ," ಎಂದರು ಕೊಟ್ರವ್ವ.

ಆಮೇಲೆ ಮೇಷ್ಟ್ರಿಗೆ ಹರಿಹರದಲ್ಲಿ ಕೆಲಸ ಹೆಚ್ಚಾಯಿತು! ಭಾನುವಾರ ತಪ್ಪದೆ ಅಂಗಡಿಗೆ ಬರುವುದು, ಒಣಗಿಸಿದ ಗಿಡದ ಕಟ್ಟು ಬಿಚ್ಚುವುದು, "ಬಕ್ಕೇಶಪ್ಪನೋರೇ, ಇದಕ್ಕೆ ನಿಮ್ಮ ಕಡೆ ಏನಂತಾರೆ?" ಎಂದು ಕೇಳುವುದು. ಬಕ್ಕೇಶಪ್ಪನವರು ಗಿರಾಕಿ ಗದ್ದಲದಲ್ಲಿ, "ಅಕ್ಕಾ, ಮೇಷ್ಟ್ರಿಗೆ ಅದೇನು ಹೇಳವ್ವಾ" ಎನ್ನುವುದು. ಕೇಳಬೇಕಾದವರು ಕೇಳುತ್ತಿದ್ದರು, ಹೇಳಬೇಕಾದವರು ಹೇಳುತ್ತಿದ್ದರು.

ವಾರಕ್ಕೊಂದು ಗಿಡ ತರುತ್ತಿದ್ದ. ನೆಲಕ್ಕಂಟಿಕೊಂಡು ಮಲಗುವ, ಎಲೆಯ ಮೇಲೆ ಕಪ್ಪು ಚುಕ್ಕೆಯಿರುವ ಪುಟ್ಟ ಗಡ್ಡೆ. ಮೊದಲ ಮಳೆಗೇ ಹುಲ್ಲಿನ ನಡುವೆ ಬಿಳಿ ನಕ್ಷತ್ರದಂತೆ ಅರಳುವ ಮುಸಲಿ. ಎಲೆಯ ತುದಿಯೇ ಬಳ್ಳಿಯ ಕೈಯಾಗಿ ಪಕ್ಕದ ಪೊದೆಯನ್ನು ಹಿಡಿದು ಮೇಲೇರುವ ಅಗ್ನಿಶಿಖೆ. ಅದರ ಹಳದಿ ಹೂವನ್ನು ಒಂದು ಹಾಳೆಗೆ, ಕೆಂಪು ಹೂವನ್ನು ಇನ್ನೊಂದು ಹಾಳೆಗೆ ಅಂಟಿಸಿ ತಂದಿದ್ದ ಪುಣ್ಯಾತ್ಮ!

"ಮೇಷ್ಟ್ರೇ... ಅದೂ ಒಂದೇ. ಅರಳಿದ ದಿನ ಹಳದಿ, ನಾಲ್ಕು ದಿನ ಬಿಟ್ರೆ ಕೆಂಪು."

"ಹೌದಾ?"

"ನೋಡ್ರಿ ಬೇಕಾದ್ರೆ. ಎರಡು ಸಲ!"

ಇಬ್ಬರೂ ನಕ್ಕಾಗ ತಕ್ಕಡಿ ಹಿಡಿದ ಬಕ್ಕೇಶಪ್ಪನವರು ತಿರುಗಿ ನೋಡಿದರು. ಅಂದು ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಅನ್ನಪೂರ್ಣಮ್ಮನಿಗೆ, "ಹುಡುಗ ಒಳ್ಳೇನು ಕಾಣ್ತಾನೆ... ಸ್ವಲ್ಪ ಹುಚ್ಚು ಅಷ್ಟೆ," ಎಂದರಂತೆ.

* * *

ಗೌರಿ ಹಬ್ಬ ಕಳೆದ ವಾರಕ್ಕೆ ಹಾಲೇಶನ ಸೋದರಮಾವ ರೇವಣ್ಣ ಅಂಗಡಿಗೆ ಬಂದು, "ಒಳ್ಳೆ ದಿನ ನೋಡಿ ಹೆಣ್ಣು ನೋಡಾಕ ಬರ್ತೀವಿ," ಎಂದು ಹೇಳಿಹೋದರು.

ನಾಗಮ್ಮನ ಕಾಲು ನೆಲದ ಮೇಲಿರಲಿಲ್ಲ!

ಆದರೆ ಅವರು ಬರುವ ದಿನ ಅವ್ವ ಅವಳನ್ನು ಅಡುಗೆಮನೆಯ ಮೂಲೆಗೆ ಎಳೆದು ಆಣೆ ಹಾಕಿಸಿಕೊಂಡಳು. "ತುಟಿ ಪಿಟಕ್ಕನ್ನಬ್ಯಾಡ. ತಲೆ ಎತ್ತಬ್ಯಾಡ. ನೀನು ಬಾಯಿ ಬಿಟ್ರೆ ತುಂಗಭದ್ರೆಗೆ ಮಹಾಪೂರ ಬಂದಂಗೆ. ಬೀಗರ ಮುಂದೆ ಮಾನ ಉಳಿಸು."

ಹಸಿರು ರೇಷ್ಮೆ ಸೀರೆ, ಮುಡಿ ತುಂಬ ಹೂವು. ನಾಗಮ್ಮ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಳು. ತಲೆ ಎತ್ತಿದರೆ ನಗು ಬಂದುಬಿಡುತ್ತದೆಂಬ ಹೆದರಿಕೆ ಬೇರೆ. ರೇವಣ್ಣನ ಹೆಂಡತಿ ನಡೆದು ತೋರಿಸು ಎಂದರು, ನಡೆದಳು. ಸೂಜಿಗೆ ದಾರ ಪೋಣಿಸು ಎಂದರು, ಪೋಣಿಸಿದಳು.

"ನೀನೂ ಏನಾದ್ರೂ ಕೇಳಪ್ಪಾ ಹಾಲೇಶಿ," ಎಂದರು ರೇವಣ್ಣ.

ಆಮೇಲೆ ಅವನ ದನಿ. "ನಿಮಗೆ... ಇದು ಮನಸ್ಸಿಗೆ ಬಂದೈತೇನು?"

'ಬಂದೈತೆ! ಆಷಾಢದಿಂದ ಬಂದೈತೆ!' ಎಂದು ಕೂಗಬೇಕೆನಿಸಿತು. ಅವ್ವನ ಕಣ್ಣು ಅವಳ ಬೆನ್ನ ಮೇಲೇ ಇತ್ತು. ನಾಗಮ್ಮ ಕಾಲಿನ ಹೆಬ್ಬೆರಳನ್ನೇ ನೋಡುತ್ತ ಕೂತಳು. ಹೆಣ್ಣಿನ ಮೌನವೆಂದರೆ ಒಪ್ಪಿಗೆ ಅಂತ ಊರಿಗೇ ಗೊತ್ತಲ್ಲ... ಅವರಿಗೆ ಗೊತ್ತಿರುವುದಿಲ್ಲವೇ?

ಜಗುಲಿಯಲ್ಲಿ ಬಕ್ಕೇಶಪ್ಪನವರು ಎಲೆ ಅಡಿಕೆಯ ತಟ್ಟೆ ಹಿಡಿದು, "ಹಂಗಾದ್ರೆ ಹುಡುಗನ ಮಾತು?" ಎಂದು ಕೇಳಿದ್ದು ಒಳಗೆ ಕೇಳಿಸಿತು. ಗುಸುಗುಸು. ಆಮೇಲೆ ರೇವಣ್ಣನ ತಡವರಿಸುವ ದನಿ.

"ಅದೂ... ಬಕ್ಕೇಶಪ್ಪನೋರೇ... ಹುಡುಗ ಇನ್ನೊಮ್ಮೆ ನೋಡಬೇಕು ಅಂತಾನೆ."

ಇನ್ನೊಮ್ಮೆ ನೋಡಬೇಕು!

ಈ ಸೀಮೆಯಲ್ಲಿ ಹೆಣ್ಣು ನೋಡಿದ ಮೇಲೆ ಆ ಮಾತು ಯಾರೂ ಆಡುವುದಿಲ್ಲ. ಒಪ್ಪಿಗೆಯಾದರೆ ಎಲೆ ಅಡಿಕೆ ತೆಗೆದುಕೊಳ್ಳುತ್ತಾರೆ. ಇಲ್ಲವಾದರೆ "ಊರಿಗೆ ಹೋಗಿ ಕಾಗದ ಬರೀತೀವಿ" ಎಂದು ನಯವಾಗಿ ಎದ್ದುಹೋಗುತ್ತಾರೆ. ಇನ್ನೊಮ್ಮೆ ನೋಡಬೇಕೆಂದರೆ ಹೆಣ್ಣಿನಲ್ಲಿ ಏನೋ ಐಬು ಕಂಡಿದೆ ಎಂದೇ ಲೆಕ್ಕ.

ತಟ್ಟೆ ಠಣ್ಣನೆ ನೆಲಕ್ಕೆ ಬಿತ್ತು.

"ಏನ್ ಸ್ವಾಮಿ? ನನ್ನ ಮಗಳೇನು ಸಂತೆಗೆ ಹೊಡೆದ ಎಮ್ಮೆಯೇನು, ಎರಡೆರಡು ಸಲ ಹಲ್ಲು ಎಣಿಸಾಕ? ಏಳ್ರಿ! ನಡೀರಿ ಮೊದಲು!"

ಹೆಣ್ಣು ಹೆತ್ತವರ ಸಿಟ್ಟಿನ ಒಳಗೆ ಯಾವಾಗಲೂ ಹೆದರಿಕೆಯೇ ಇರುತ್ತದೆ. ಆ ಹೆದರಿಕೆಯಲ್ಲೇ ಬಕ್ಕೇಶಪ್ಪನವರು ಎರಡೇ ದಿನದಲ್ಲಿ ದಾವಣಗೆರೆಯ ಹತ್ತಿ ವ್ಯಾಪಾರಿಯ ಮನೆಗೆ ಹೇಳಿಕಳಿಸಿದರು. ಮುಂದಿನ ಸೋಮವಾರ ಅವರು ಬರುವುದು, ಒಪ್ಪಿದರೆ ಅಂದೇ ವೀಳ್ಯ.

ನಾಗಮ್ಮ ಅಳಲಿಲ್ಲ. ಅತ್ತರೆ ಸೋತಂತೆ. ಆದರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಅಳಲೆಕಾಯಿಯ ಚೀಲಕ್ಕೆ ತಾರೇಕಾಯಿ ಸುರಿದಳು, ತಾರೇಕಾಯಿಯ ಚೀಲಕ್ಕೆ ಅಳಲೆಕಾಯಿ.

'ನಾಲ್ಕೈದು ತಿಂಗಳು ನೋಡಿದ್ರಲ್ಲ, ಮೇಷ್ಟ್ರೇ... ಸಾಲಲಿಲ್ಲವೇ? ಹೆಸರು ಹಾಕಲಾರದ ಗಿಡಗಳನ್ನ ಬೇರೆ ಕಟ್ಟಿ ಇಡ್ತೀನಿ ಅಂತಿದ್ರಿ. ನಾನೂ ಆ ಕಟ್ಟಿಗೇ ಸೇರಿದೆನಾ?'

ಕೊಟ್ರವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅಳಲೆ ತಾರೆ ಒಂದಾದದ್ದನ್ನು ಕಂಡ ಮೇಲೆ ಅವರಿಗೆ ಇನ್ನೇನೂ ಕೇಳಬೇಕಾಗಲಿಲ್ಲ.

"ಬಕ್ಕೇಶಿ," ಎಂದು ಕೂಗಿದರು. "ನನಗೆ ಕಾಲಾಣಿ ಬಹಳ ಆಗೈತೆ. ನಾಳೆ ದಾವಣಗೆರೆ ಡಾಕ್ಟ್ರಿಗೆ ತೋರಿಸ್ಬೇಕು. ಅಕ್ಕನ್ನ ಕರ್ಕೊಂಡು ಹೋಗ್ತೀನಿ."

"ಅಲ್ಲವ್ವಾ, ಊರಿಗೆಲ್ಲ ಕಾಲಾಣಿ ಔಷಧಿ ಕೊಡೋದು ನಾವು..."

"ಊರಿಗೆಲ್ಲ ಹತ್ತೈತೆ, ನನಗೆ ಹತ್ತಿಲ್ಲ. ಸುಮ್ಮನಿರು."

* * *

ಹೊಗೆಬಂಡಿ ಇಳಿದು ಜಟಕಾ ಹತ್ತಿದ ಮೇಲೆ ನಾಗಮ್ಮನಿಗೆ ಅನುಮಾನ ಬಂತು.

"ಅಜ್ಜಿ, ಇದು ಆಸ್ಪತ್ರೆ ದಾರಿ ಅಲ್ಲ."

"ಕಾಲೇಜಿನ ದಾರಿ. ನನ್ನ ಆಣಿ ಅಲ್ಲೇ ಐತೆ."

"ಬ್ಯಾಡ ಅಜ್ಜಿ! ನನಗೆ ಮಾನ ಇಲ್ಲೇನು? ಬ್ಯಾಡ ಅಂದೋರ ಬಾಗಿಲಿಗೆ..."

"ಬ್ಯಾಡ ಅಂತ ಅವನ ಬಾಯಿಂದ ಕೇಳೀಯೇನು?"

ನಾಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಹೋಗಿ ಕೇಳು. ಬ್ಯಾಡ ಅಂದ್ರೆ ಸೋಮವಾರ ತಲೆ ಎತ್ಕೊಂಡು ಕೂಡ್ರು. ಅನ್ನದಿದ್ರೆ... ಮುಂದಿಂದು ನನಗೆ ಬಿಡು."

ಗಿಡಗಳ ಕೋಣೆಯ ಮುಂದೆ ಅಟೆಂಡರ್ ಖಾಜಾ ಹುಸೇನ್ ಸ್ಟೂಲಿನ ಮೇಲೆ ಕೂತು ಹಳೇ ಪತ್ರಿಕೆ ಮಡಚುತ್ತಿದ್ದ. ಗಡ್ಡ ನೆರೆತ ಮನುಷ್ಯ. ಹೆಸರು ಕೇಳಿದ್ದೇ ಎದ್ದು ನಿಂತ.

"ಹರಿಹರದ ನಾಗಮ್ಮನೋರಾ? ಬರ್ರಿ ಬರ್ರಿ, ತಾಯಿ! ಎಂಟು ದಿನದಿಂದ ನಮ್ಮ ಮೇಷ್ಟ್ರು ಗೋಂದಿನ ಬದಲು ಚಾದಾಗೆ ಬ್ರಷ್ ಅದ್ದತಾರೆ. ನಿನ್ನೆ ಒಂದು ಗಿಡ ತಲೆಕೆಳಗಾಗಿ ಅಂಟಿಸ್ಯಾರೆ!"

ಒಳಗೆ ನುಸಿಗುಳಿಗೆಯ ವಾಸನೆ. ಹಾಲೇಶ ತಲೆ ಎತ್ತಿದ. ಕೈಯಲ್ಲಿದ್ದ ಹಾಳೆ ಕೈಯಲ್ಲೇ ಉಳಿಯಿತು.

ನಾಗಮ್ಮ ನೇರ ಮೇಜಿನ ಮುಂದೆ ಹೋಗಿ ನಿಂತಳು. ಈ ಸಲ ತಲೆ ತಗ್ಗಿಸಲಿಲ್ಲ.

"ಇನ್ನೊಮ್ಮೆ ನೋಡಬೇಕು ಅಂದ್ರಂತಲ್ಲ, ಮೇಷ್ಟ್ರೇ. ಬಂದೀನಿ. ನೋಡ್ರಿ. ಏನು ಐಬು ಐತೆ ನನ್ನಾಗೆ? ಹೇಳಿಬಿಡ್ರಿ, ಕೇಳ್ಕೊಂಡು ಹೋಗ್ತೀನಿ!"

"ಐಬಾ?" ಅವನ ಮುಖ ಬಿಳಿಚಿತು. "ನಿಮ್ಮಾಗಾ? ನಾಗಮ್ಮ... ಅವತ್ತು ಚಾಪೆ ಮೇಲೆ ಕೂತಿದ್ದು ನೀವೇ ಅಂತ ನನಗೆ ಅನ್ನಿಸ್ಲೇ ಇಲ್ಲ. ಮಾತಿಲ್ಲ, ನಗು ಇಲ್ಲ, ನನ್ನ ಕಡೆ ಒಂದು ಸಲನೂ ನೋಡಲಿಲ್ಲ. ಮನಸ್ಸಿಗೆ ಬಂದೈತೇನು ಅಂತ ಕೇಳಿದೆ. ನೀವು ಸುಮ್ಮನೆ ಕೂತ್ರಿ. ಹಿರಿಯರ ಬಲವಂತಕ್ಕೆ ಕೂತೀರಿ ಅಂದ್ಕೊಂಡೆ. ಒಲ್ಲದ ಹುಡುಗಿಯನ್ನ ಒಪ್ಪಿಗೆ ಅಂತ ಹೆಂಗೆ ಬರ್ಕೊಳ್ಳಲಿ? ಇನ್ನೊಮ್ಮೆ ನೋಡಿ, ನಿಮ್ಮನ್ನೇ ಕೇಳಬೇಕು ಅಂದೆ. ಅಷ್ಟರಾಗೆ ನಿಮ್ಮಪ್ಪ ತಟ್ಟೆ ಬೀಸಿದ್ರು. ಕ್ಷಮೆ ಕೇಳಾಕ ಎರಡು ಸಲ ಬಂದೆ. ಅಂಗಡಿ ಮೆಟ್ಟಿಲು ಹತ್ತಗೊಡಲಿಲ್ಲ."

ನಾಗಮ್ಮ ಅವನನ್ನೇ ನೋಡುತ್ತ ನಿಂತಳು. ಅಪ್ಪ ಇದನ್ನು ಹೇಳಿರಲೇ ಇಲ್ಲ... ಎಂಟು ದಿನ ತಡೆದುಕೊಂಡಿದ್ದ ಅಳು ಈಗ ಬಂತು, ನಗುವಿನ ಜೊತೆಯಲ್ಲೇ ಬಂತು.

"ಅಷ್ಟು ಹೂವಿನ ಹೆಸರು ಗೊತ್ತು ನಿಮಗೆ! ಹೆಣ್ಣು ಸುಮ್ಮನೆ ಕೂತ್ರೆ ಒಪ್ಪಿಗೆ ಅಂತ ಗೊತ್ತಿಲ್ಲೇನು?"

"ನನಗೆ ಹೆಂಗೆ ಗೊತ್ತಾಗಬೇಕು? ನೀವು ಸುಮ್ಮನೆ ಕೂತಿದ್ದು ನಾನು ಯಾವತ್ತೂ ನೋಡೇ ಇಲ್ಲ!"

ಬಾಗಿಲಲ್ಲಿ ಖಾಜಾ ಹುಸೇನ್ ಬಾಯಿಗೆ ಟವೆಲ್ಲು ಒತ್ತಿಕೊಂಡ.

ಕೊಟ್ರವ್ವ ಮಾತ್ರ ನಗಲಿಲ್ಲ. ಗಂಭೀರವಾಗಿ ಸ್ಟೂಲು ಎಳೆದುಕೊಂಡು ಕೂತರು.

"ಇರಲಿ. ನೀವು ಬಂದು ನಮ್ಮ ಹೆಣ್ಣು ನೋಡಿದ್ರಿ. ಈಗ ನಾವು ಗಂಡು ನೋಡ್ತೀವಿ. ಏಳಪ್ಪಾ. ಆ ಬಾಗಿಲತನಕ ನಡೆದು ತೋರಿಸು."

"ಅಜ್ಜಿ..."

"ನಡೀ!"

ಹಾಲೇಶ ಬೀರುಗಳ ನಡುವೆ ಬಾಗಿಲತನಕ ನಡೆದ, ತಿರುಗಿ ಬಂದ. ಗೋಂದಿನ ಡಬ್ಬಿ ಎಡವಿದ.

"ಕುಂಟೇನಿಲ್ಲ, ಕಣ್ಣು ಮಂದ," ಎಂದರು ಕೊಟ್ರವ್ವ. "ಅಡಿಗೆ ಬರ್ತದೇನು?"

"ಅನ್ನ, ಸಾರು... ರೊಟ್ಟಿ ಸ್ವಲ್ಪ ಸೊಟ್ಟ."

"ಸೂಜಿ ದಾರ ಎಲ್ಲೈತೆ?"

ಖಾಜಾ ಹುಸೇನ್ ಓಡಿಬಂದು ಕೊಟ್ಟ. ಹಾಲೇಶ ಕಣ್ಣು ಮಿಟುಕಿಸುವಷ್ಟರಲ್ಲಿ ಪೋಣಿಸಿದ.

"ಅಬ್ಬಾ! ಎಲ್ಲಿ ಕಲಿತೆ?"

"ದಿನಾ ಇದೇ ಕೆಲಸ, ಅಜ್ಜಿ. ದಪ್ಪ ದಂಟು ಗೋಂದಿಗೆ ನಿಲ್ಲಲ್ಲ. ಹಾಳೆಗೆ ಹೊಲೀಬೇಕು."

ಕೊಟ್ರವ್ವ ಮೊಮ್ಮಗಳ ಕಡೆ ತಿರುಗಿದರು. ದನಿ ಈಗ ಮೆತ್ತಗಾಗಿತ್ತು.

"ಹೇಳವ್ವಾ. ಬಾಯಿ ಬಿಟ್ಟು ಹೇಳು. ನಿಮ್ಮವ್ವ ಇಲ್ಲಿಲ್ಲ."

ದೂರದಲ್ಲಿ ಹತ್ತಿ ಮಿಲ್ಲಿನ ಕೂಗು ಕೇಳಿ ನಿಂತಿತು.

"ನನಗೆ ಒಪ್ಪಿಗೆ," ಎಂದಳು ನಾಗಮ್ಮ. ಎಲ್ಲರಿಗೂ ಕೇಳುವಂತೆ, ಕಾರಿಡಾರಿನಲ್ಲಿ ಹೋಗುತ್ತಿದ್ದ ಇಬ್ಬರು ವಿದ್ಯಾರ್ಥಿಗಳು ತಿರುಗಿ ನೋಡುವಂತೆ. "ಇವರೇ ಬೇಕು. ಇವರ ಹುಚ್ಚೂ ಬೇಕು. ಇವರ ಜೋಡಿ ಎಲ್ಲಾ ಗುಡ್ಡ ತಿರುಗಬೇಕು, ಎಲ್ಲಾ ಹೂವಿನ ಹೆಸರು ಬರೀಬೇಕು."

ಹಾಲೇಶ ಏನೋ ಹೇಳಲು ಬಾಯಿ ತೆರೆದ. ಮಾತು ಹೊರಡಲಿಲ್ಲ. ಕಣ್ಣು ತುಂಬಿಕೊಂಡವು.

"ನೋಡ್ರಿ ತಾಯಿ," ಎಂದ ಖಾಜಾ ಹುಸೇನ್, "ಈಗ ಗಂಡು ಸುಮ್ಮನೆ ನಿಂತೈತೆ. ಒಪ್ಪಿಗೆ ಅಂತ ಬರ್ಕೊಳ್ರಿ!"

* * *

ಮೂರೂವರೆಯ ಗಾಡಿಗೆ ಹಾಲೇಶ ಸ್ಟೇಷನ್ನಿನತನಕ ಬಂದ. ಕೊಟ್ರವ್ವ ಕಿಟಕಿ ಪಕ್ಕದ ಜಾಗ ಮೊಮ್ಮಗಳಿಗೆ ಬಿಟ್ಟು, ತಾವು ಆಚೆ ಬದಿಗೆ ಕೂತು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರು. "ಸೋಮವಾರದೋರಿಗೆ ಬರಬ್ಯಾಡ್ರಿ ಅಂತ ಬಕ್ಕೇಶಿ ಕೈಲಿ ಇವತ್ತೇ ಹೇಳಿ ಕಳಿಸ್ತೀನಿ. ನಾನು ಹೆತ್ತ ಮಗ, ನನ್ನ ಮಾತು ಮೀರ್ತಾನೇನು? ಈಗ ನನಗೆ ನಿದ್ದಿ ಬಂದೈತೆ," ಎಂದೂ ಸಾರಿದರು.

ಹಾಲೇಶ ಕಿಟಕಿಯ ಸರಳು ಹಿಡಿದು ನಿಂತಿದ್ದ. ಅವನ ಬೆರಳಿನ ತುಂಬ ಒಣಗಿದ ಗೋಂದು. ನಾಗಮ್ಮ ಮೆಲ್ಲಗೆ ಅದನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದಳು.

"ಭಾನುವಾರ ಬರ್ತೀನಿ. ರೇವಣ್ಣ ಮಾವನ್ನೂ ಕರ್ಕೊಂಡು."

"ಅಪ್ಪ ಬೈತಾರೆ."

"ಬೈಸ್ಕೊಳ್ತೀನಿ."

"ಪೇಟೆಗೆಲ್ಲ ಕೇಳೋ ಹಂಗೆ ಬೈತಾರೆ!"

"ಬೈಲಿ. ಎಷ್ಟು ಹೊತ್ತು ಬೈಬಹುದು?"

ಗಾಡಿ ಸಿಳ್ಳು ಹಾಕಿತು. ಅವನು ಕೈ ಬಿಡಲಿಲ್ಲ. ಅವಳೂ ಬಿಡಲಿಲ್ಲ.

"ನಾನು ಒಳಗಿಂದ ಚಾ ತರೋತನಕ ಬೈತಾರೆ, ಅಷ್ಟೆ..."

"ಹಂಗಾದ್ರೆ ಬೇಗ ತರ್ರಿ, ನಾಗಮ್ಮ."

ಗಾಡಿ ಕದಲಿತು. ಅವನು ಜೊತೆಜೊತೆಗೇ ಹೆಜ್ಜೆ ಹಾಕಿದ. ನಾಗಮ್ಮ ಕಿಟಕಿಗೆ ಮುಖವೊತ್ತಿ, ಹೊಗೆಯ ನಡುವೆ ನಗುತ್ತ ಕೂಗಿದಳು.

"ನೀವು ಬೇಗ ಬರ್ರಿ! ಭಾನುವಾರ ಬೆಳಿಗ್ಗೆ ಎದ್ದಕೂಡಲೇ ಚಾದ ಹಾಲು ಕಾಯಿಸಿ ಇಟ್ಟಿರ್ತೀನಿ..."